ದುಬೈ ಒಪ್ಪಂದವನ್ನು ಬಳ್ಳಾರಿಯ ಜೀನ್ಸಿಗೆ ಒಗ್ಗಿಸಿಕೊಂಡ ಬಗೆ: ನನ್ನ ಅನುಭವ

ಭಾರತ ಮತ್ತು ಸಂಯುಕ್ತ ಅರಬ್ ಸಂಸ್ಥಾನದ (ಯುಎಇ) ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ 2022ರ ಫೆಬ್ರುವರಿ 18ರಂದು ಸಹಿ ಬಿದ್ದು, ಅದೇ ವರ್ಷ ಮೇ 1ರಿಂದ ಅದು ಜಾರಿಗೆ ಬಂದಾಗ, ಬಳ್ಳಾರಿಯ ನಮ್ಮ ಜೀನ್ಸ್ ತಯಾರಕರಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡವರು ತೀರಾ ಕಡಿಮೆ. ಅದು ಚಿನ್ನದವರಿಗೆ ಮತ್ತು ಎಣ್ಣೆಯವರಿಗೆ ಮಾಡಿದ ಒಪ್ಪಂದ, ಮೂವತ್ತು ನಲವತ್ತು ಮಷಿನ್ ಇಟ್ಟುಕೊಂಡು ಬೇರೆಯವರ ಮಾಲು ಹೊಲಿದುಕೊಡುವ ಜಾಬ್‌ವರ್ಕ್ ನಂಬಿ ಬದುಕುವವರಿಗೆ ಅದರಲ್ಲಿ ಏನೂ ಇಲ್ಲ ಎಂಬುದು ಸಾಮಾನ್ಯ ಅಭಿಪ್ರಾಯವಾಗಿತ್ತು. ನನ್ನ ಆಡಿಟರ್ ಕೂಡ, ದುಬೈಯಲ್ಲಿ ಬೀಳುವ ಶೇ 5ರ ಆಮದು ಸುಂಕ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ಓಡಾಟಕ್ಕೆ ಕಳೆದುಕೊಳ್ಳುತ್ತೀರಿ ಎಂದು ಎಚ್ಚರಿಸಿದ್ದರು. ಮೊದಲ ಒಂದು ವರ್ಷದ ಲೆಕ್ಕ ನೋಡಿದರೆ ಅವರ ಮಾತು ಸುಳ್ಳಾಗಿರಲಿಲ್ಲ. ಈಗ ನನ್ನ ಮಾಲು ದುಬೈಗೆ ಸುಂಕವಿಲ್ಲದೆ ಇಳಿಯುತ್ತಿದೆ, ಹಣ ಡಾಲರಿನ ಮುಖ ನೋಡದೆ ದಿರ್ಹಮಿನಲ್ಲೇ ಬರುತ್ತಿದೆ, ಅಂದು ನಕ್ಕವರಲ್ಲಿ ಕೆಲವರು ಕಾಗದದ ನಮೂನೆ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು ಎಂದು ಕುಳಿತಿದ್ದೇನೆ. ರಫ್ತು ಸಂಕೇತ, ವಿದೇಶಿ ವಿನಿಮಯ ನೋಡುವ ಬ್ಯಾಂಕಿನ ಎಡಿ ಕೋಡ್, ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಜಿಎಸ್‌ಟಿಯ ಎಲ್‌ಯುಟಿ ಮುಚ್ಚಳಿಕೆ ಇವೆಲ್ಲ ನಿಮಗೆ ಗೊತ್ತಿರುವುದೇ ಎಂದು ಭಾವಿಸಿ ಅವುಗಳ ವಿವರಕ್ಕೆ ಹೋಗುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ಈ ಒಪ್ಪಂದದಿಂದ ಉಳಿಯುವ ಹಣ ನಮ್ಮದಲ್ಲ ಎಂಬುದು. ಆಮದು ಸುಂಕವನ್ನು ಕಟ್ಟುವವನು ದುಬೈಯ ಖರೀದಿದಾರ, ಆದ್ದರಿಂದ ಸುಂಕ ಶೂನ್ಯವಾದಾಗ ಉಳಿತಾಯ ಮೊದಲು ಅವನ ಗಲ್ಲಾಪೆಟ್ಟಿಗೆಯಲ್ಲೇ ಬೀಳುತ್ತದೆ. ಅದಕ್ಕಾಗಿ, ಮಾಲು ಭಾರತದಲ್ಲೇ ತಯಾರಾದದ್ದು ಎಂದು ಹೇಳುವ ಮೂಲ ಪ್ರಮಾಣಪತ್ರ ಮಾಡಿಸುವ ಖರ್ಚು, ಅಲೆದಾಟ ಮತ್ತು ವಿಚಾರಣೆಯ ತಲೆಬಿಸಿ ಮಾತ್ರ ನಮ್ಮದು. ಇದನ್ನು ಸರಿಪಡಿಸಿಕೊಳ್ಳದೆ ಪ್ರಮಾಣಪತ್ರದ ಹಿಂದೆ ಬಿದ್ದವರೆಲ್ಲ ಒಂದೆರಡು ಲಾಟ್ ಕಳುಹಿಸಿ ಕೈಬಿಟ್ಟರು. ನನಗೆ ಇದು ಸಾಧ್ಯವಾದದ್ದು ಎರಡು ಕಾರಣಗಳಿಂದ: ಸುಂಕದ ಉಳಿತಾಯವನ್ನು ಬೆಲೆಯೊಳಗೆ ಹಂಚಿಕೊಳ್ಳುವ ಕರಾರನ್ನು ಮೊದಲೇ ಮಾಡಿಕೊಂಡೆ, ಮತ್ತು ಮೂಲ ಪ್ರಮಾಣಪತ್ರದ ಕೆಲಸವನ್ನು ಬಂದರಿನಿಂದ ಹಿಂದಕ್ಕೆ ತಂದು ನನ್ನ ಬಟ್ಟೆ ಖರೀದಿಯ ಪುಸ್ತಕದಲ್ಲೇ ಮುಗಿಸಿದೆ.

ಇಷ್ಟು ದೊಡ್ಡ ಅವಕಾಶ ನಮ್ಮಂಥವರಿಗೆ ಹೇಗೆ ಬಂತು ಎಂಬುದನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ಖರೀದಿದಾರನ ಮುಂದೆ ಕುಳಿತಾಗ ಅದು ಉಪಯೋಗಕ್ಕೆ ಬರುತ್ತದೆ. ಇಂದಿರಾ ಗಾಂಧಿಯವರು 1981ರಲ್ಲಿ ಹೋಗಿಬಂದ ಮೇಲೆ ಸುಮಾರು 34 ವರ್ಷ ಭಾರತದ ಯಾವ ಪ್ರಧಾನಿಯೂ ಆ ದೇಶಕ್ಕೆ ಭೇಟಿ ಕೊಟ್ಟಿರಲಿಲ್ಲ. 2015ರ ಆಗಸ್ಟಿನಲ್ಲಿ ಮೋದಿಯವರು ಹೋದ ನಂತರ ಸಂಬಂಧದ ವೇಗವೇ ಬದಲಾಯಿತು, 2017ರಲ್ಲಿ ಅದು ಸಮಗ್ರ ಕಾರ್ಯತಂತ್ರ ಪಾಲುದಾರಿಕೆಯ ಮಟ್ಟಕ್ಕೆ ಏರಿತು. ಅವರಿಗೆ ಎಣ್ಣೆಯಾಚೆಗಿನ ವ್ಯಾಪಾರ ಬೇಕು, ಆಹಾರದ ಭದ್ರತೆ ಬೇಕು. ನಮಗೆ ಇಂಧನ ಬೇಕು, ಅಲ್ಲಿ ದುಡಿಯುವ 35 ಲಕ್ಷಕ್ಕೂ ಹೆಚ್ಚು ಭಾರತೀಯರ ಹಿತ ಬೇಕು, ಅರಬ್ಬಿ ಸಮುದ್ರದ ಹಡಗು ಮಾರ್ಗ ಶಾಂತವಾಗಿರುವುದು ಇಬ್ಬರಿಗೂ ಬೇಕು. ಬೇರೆ ದೇಶಗಳೊಂದಿಗಿನ ಮಾತುಕತೆ ವರ್ಷಗಟ್ಟಲೆ ಎಳೆಯುತ್ತಿದ್ದಾಗ ಇದು 88 ದಿನಗಳಲ್ಲಿ ಮುಗಿದದ್ದು ಈ ಪರಸ್ಪರ ಅಗತ್ಯದಿಂದಲೇ. ಒಪ್ಪಂದದ ಪ್ರಕಾರ ಅವರು ತಮ್ಮ ಶೇ 97ರಷ್ಟು ಸುಂಕ ಶೀರ್ಷಿಕೆಗಳಲ್ಲಿ, ಅಂದರೆ ಸುಂಕಪಟ್ಟಿಯ ಸರಕಿನ ಬಗೆಗಳಲ್ಲಿ, ರಿಯಾಯಿತಿ ಕೊಟ್ಟರು, ಉಡುಪು, ಚರ್ಮ, ಆಭರಣಗಳಂಥ ಹೆಚ್ಚು ಕೈಗಳು ದುಡಿಯುವ ವಲಯಗಳಿಗೆ ಮೊದಲ ದಿನದಿಂದಲೇ ಬಾಗಿಲು ತೆರೆದರು. ಚೀನಾದ ಜೀನ್ಸಿಗೂ ಬಾಂಗ್ಲಾದೇಶದ ಜೀನ್ಸಿಗೂ ಅಲ್ಲಿ ಶೇ 5 ಸುಂಕ ಬೀಳುವಾಗ ನಮ್ಮದಕ್ಕೆ ಬೀಳದಿರುವುದು ಸಣ್ಣ ಮಾತಲ್ಲ. ಬೆಲೆಯಲ್ಲಿ ಬಾಂಗ್ಲಾದವರನ್ನು ಹೊಡೆಯಲು ಅದೊಂದೇ ಸಾಕೇ ಎಂದರೆ ಸಾಕಾಗದು. ದೊಡ್ಡ ಪ್ರಮಾಣದ ಸಾದಾ ಮಾಲಿನಲ್ಲಿ ಅವರು ಇಂದಿಗೂ ನಮಗಿಂತ ಅಗ್ಗ. ನಾವು ಗೆಲ್ಲುವುದು ಐನೂರು, ಸಾವಿರದ ಸಣ್ಣ ಲಾಟಿನಲ್ಲಿ, ಬಗೆಬಗೆಯ ವಾಷಿನಲ್ಲಿ, ಹದಿನೈದು ಇಪ್ಪತ್ತು ದಿನಗಳಲ್ಲಿ ಮಾಲು ಕೊಡುವ ಚುರುಕಿನಲ್ಲಿ.

ಇನ್ನು ಹಣದ ಲೆಕ್ಕ. ನೆನಪಿನಿಂದ ಹೇಳುತ್ತಿರುವ ಅಂಕಿಗಳಿವು, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. ಒಂದು ಪ್ಯಾಂಟಿಗೆ ಸುಮಾರು ಒಂದೂಕಾಲು ಮೀಟರ್ ಡೆನಿಮ್, ಅದಕ್ಕೆ ಇನ್ನೂರ ಹತ್ತರ ಸುಮಾರು. ಹೊಲಿಗೆ ಎಪ್ಪತ್ತು, ವಾಷಿಂಗ್ ನಲವತ್ತೈದು, ಜಿಪ್, ಬಟನ್, ರಿವೆಟ್, ಲೇಬಲ್ ಸೇರಿ ಮೂವತ್ತು, ಪ್ಯಾಕಿಂಗ್ ಮತ್ತು ಕಾರ್ಖಾನೆಯ ಇತರ ಖರ್ಚು ಮೂವತ್ತೈದು. ಒಟ್ಟು ಮುನ್ನೂರ ತೊಂಬತ್ತಕ್ಕೆ ಬಂದ ಪ್ಯಾಂಟನ್ನು ಹಡಗಿಗೇರಿಸುವವರೆಗಿನ ಬೆಲೆಯಾಗಿ ನಾನೂರ ನಲವತ್ತಕ್ಕೆ ಕೊಡುತ್ತಿದ್ದೆ. ಎರಡು ಸಾವಿರ ಪ್ಯಾಂಟಿನ ಲಾಟ್ ಎಂದರೆ ಎಂಟು ಲಕ್ಷ ಎಂಬತ್ತು ಸಾವಿರ, ಸಾಗಣೆ ಮತ್ತು ವಿಮೆ ಸೇರಿಸಿದರೆ ಅಲ್ಲಿನ ಸುಂಕದವರು ಲೆಕ್ಕ ಹಿಡಿಯುವ ಮೌಲ್ಯ ಒಂಬತ್ತು ಲಕ್ಷದ ಮೇಲೆ. ಅದರ ಶೇ 5 ಎಂದರೆ ನಲವತ್ತೈದು ಸಾವಿರ, ಅಂದರೆ ಪ್ಯಾಂಟಿಗೆ ಇಪ್ಪತ್ತೆರಡು ಇಪ್ಪತ್ತಮೂರು ರೂಪಾಯಿ, ಆಗಿನ ದರದಲ್ಲಿ ಹೆಚ್ಚುಕಡಿಮೆ ಒಂದು ದಿರ್ಹಮ್. ಎಲ್ಲ ಗುದ್ದಾಟವೂ ಪ್ಯಾಂಟಿನ ಮೇಲಿನ ಈ ಒಂದು ದಿರ್ಹಮಿಗಾಗಿ. ಬಳ್ಳಾರಿಯಲ್ಲಿ ಪ್ಯಾಂಟಿಗೆ ಹತ್ತು ರೂಪಾಯಿ ನಿವ್ವಳ ಉಳಿದರೆ ಆ ಸೀಸನ್ ಚೆನ್ನಾಗಿತ್ತು ಎನ್ನುವವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ನನ್ನ ಮುಖ್ಯ ಖರೀದಿದಾರರು ಭಟ್ಕಳ ಮೂಲದವರು, ದುಬೈಯ ಹಳೆಯ ವ್ಯಾಪಾರ ಪೇಟೆಯಾದ ದೇರಾದಲ್ಲಿ ಎರಡು ತಲೆಮಾರಿನಿಂದ ಸಗಟು ವ್ಯಾಪಾರ ಮಾಡುತ್ತಿದ್ದಾರೆ. ಕನ್ನಡದಲ್ಲೇ ಮಾತು. ಆದರೆ ಊರಿನ ಪ್ರೀತಿ ಬೆಲೆಯ ವಿಷಯಕ್ಕೆ ಬರುವುದಿಲ್ಲ. ಮೊದಲ ಮಾತುಕತೆಯಲ್ಲಿ ಅವರು ನೇರವಾಗಿಯೇ ಹೇಳಿದರು: “ಸುಂಕ ಕಟ್ಟುವವನು ನಾನು ಅಣ್ಣಾ, ಉಳಿದರೆ ನನಗೇ ಉಳಿಯುತ್ತದೆ. ನೀವು ಕಾಗದ ಕಳಿಸಿ, ನಾನು ಆರ್ಡರ್ ಹೆಚ್ಚಿಸುತ್ತೇನೆ.” ಆರ್ಡರ್ ಹೆಚ್ಚಾಗಲಿಲ್ಲ, ಕಾಗದ ಮಾತ್ರ ಹೋಯಿತು. ಮುಂದಿನ ಸಲ ನಾನು ಬೆಲೆಪಟ್ಟಿಯನ್ನೇ ಎರಡು ಕಾಲಮಿನಲ್ಲಿ ಬರೆದು ಕಳಿಸಿದೆ. ಒಂದರಲ್ಲಿ ಪ್ರಮಾಣಪತ್ರವಿಲ್ಲದ ಬೆಲೆ, ಇನ್ನೊಂದರಲ್ಲಿ ಪ್ರಮಾಣಪತ್ರ ಸಹಿತ ಬೆಲೆ, ಇವೆರಡರ ನಡುವೆ ನಲವತ್ತು ಫಿಲ್ಸ್ ಅಂತರ (ನೂರು ಫಿಲ್ಸ್ ಸೇರಿದರೆ ಒಂದು ದಿರ್ಹಮ್). “ಭಾಯ್, ಯಾವುದು ಬೇಕೋ ಅದನ್ನು ಆರಿಸಿ, ಮೊದಲನೆಯದಾದರೆ ನನಗೂ ಕೆಲಸ ಕಡಿಮೆ” ಎಂದೆ. ಒಂದು ದಿರ್ಹಮಿನ ಉಳಿತಾಯದಲ್ಲಿ ಅರುವತ್ತು ಫಿಲ್ಸ್ ತಮಗೆ ಉಳಿಯುವುದು ಕಣ್ಣೆದುರಿಗೆ ಕಂಡಾಗ ಅವರು ಹೆಚ್ಚು ಜಗ್ಗಾಡಲಿಲ್ಲ. ಈಗ ಆ ನಲವತ್ತು ಅರುವತ್ತರ ಪ್ರಮಾಣ ತಿರುಗಿಬಿದ್ದಿದೆ, ಹೆಚ್ಚಿನ ಪಾಲು ನನ್ನ ಕಡೆಗಿದೆ. ಅದನ್ನು ಹೇಗೆ ತಿರುಗಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರೂ ಓದುತ್ತಾರೆ.

ಪ್ರಮಾಣಪತ್ರದ ವಿಷಯಕ್ಕೆ ಬರುತ್ತೇನೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಡಿಜಿಟಲ್ ಸಹಿಯೊಂದಿಗೆ ಅರ್ಜಿ ಹಾಕಿದರೆ ಅಧಿಕಾರವಿರುವ ಸಂಸ್ಥೆ ಪರಿಶೀಲಿಸಿ ಮಂಜೂರು ಮಾಡುತ್ತದೆ. ಸರ್ಕಾರಿ ಶುಲ್ಕ ಕೆಲವು ನೂರು ರೂಪಾಯಿ ಮಾತ್ರ, ಆದರೆ ಮಧ್ಯವರ್ತಿಗಳು ಒಂದು ಪ್ರಮಾಣಪತ್ರಕ್ಕೆ ಎರಡು ಸಾವಿರದ ಐನೂರರವರೆಗೆ ಕೇಳುತ್ತಾರೆ. ನಾನೂ ಮೊದಲು ಒಬ್ಬ ಮಧ್ಯವರ್ತಿಗೇ ಕೊಟ್ಟಿದ್ದೆ. ಅರ್ಜಿ ಆಕ್ಷೇಪಣೆಯೊಂದಿಗೆ ವಾಪಸಾಯಿತು. ಆತ ಉತ್ತರಿಸಲಿಲ್ಲ, ಹಡಗು ಹೊರಟುಹೋಯಿತು. ಖರೀದಿದಾರರು ಸುಂಕವನ್ನು ಠೇವಣಿಯಾಗಿ ಕಟ್ಟಿ ಮಾಲು ಬಿಡಿಸಿಕೊಂಡರು. ಸಾಗಣೆಯ ನಂತರವೂ ಪ್ರಮಾಣಪತ್ರ ಪಡೆಯಲು ಒಪ್ಪಂದದಲ್ಲೇ ಅವಕಾಶವಿದೆ, ಹೀಗಾಗಿ ಆ ಠೇವಣಿ ಕೊನೆಗೂ ಅವರಿಗೆ ಮರಳಿತು, ಆದರೆ ಅಷ್ಟು ಕಾಲ ನನ್ನ ಬಾಕಿಯಲ್ಲಿ ಅಷ್ಟೇ ಮೊತ್ತವನ್ನು ಅವರು ಹಿಡಿದಿಟ್ಟರು. ದುಡಿಮೆ ಬಂಡವಾಳವೇ ಇಲ್ಲದ ನಮ್ಮಂಥ ಘಟಕದಲ್ಲಿ ನಲವತ್ತೈದು ಸಾವಿರ ಮೂರು ತಿಂಗಳು ನಿಂತುಹೋಗುವುದೆಂದರೆ ಒಂದು ವಾರದ ಹೊಲಿಗೆ ಕೂಲಿ ನಿಂತಂತೆ.

ಆಕ್ಷೇಪಣೆ ಏನಿತ್ತೆಂದರೆ, ಬಟ್ಟೆ ಭಾರತದಲ್ಲೇ ನೇಯ್ದದ್ದು ಎಂಬುದಕ್ಕೆ ಆಧಾರ ಎಲ್ಲಿ ಎಂಬ ಒಂದೇ ಪ್ರಶ್ನೆ. ಮೌಲ್ಯವರ್ಧನೆಯ ವಿಷಯದಲ್ಲಿ ಎಲ್ಲರೂ ಹೇಳುವ, ಬೆಲೆಯ ಅಷ್ಟು ಭಾಗ ಭಾರತದಲ್ಲೇ ಸೇರಿರಬೇಕೆಂಬ ಶೇ 40ರ ಗಡಿಯನ್ನು ದಾಟುವುದು ನಮಗೆ ಕಷ್ಟವೇ ಅಲ್ಲ. ಭಾರತದ ಹತ್ತಿ, ಭಾರತದ ಗಿರಣಿ, ಭಾರತದ ಹೊಲಿಗೆ, ಭಾರತದ ವಾಷಿಂಗ್. ಹೊರಗಿನದೆಂದರೆ ಕೆಲವು ಲಾಟಿನ ಜಿಪ್ ಮತ್ತು ರಿವೆಟ್ ಮಾತ್ರ, ಅವು ಒಟ್ಟು ಬೆಲೆಯ ಹತ್ತನೇ ಒಂದು ಭಾಗಕ್ಕೂ ಬರುವುದಿಲ್ಲ. ಆದರೆ ಸತ್ಯವಾಗಿರುವುದು ಬೇರೆ, ಅದನ್ನು ಕಾಗದದ ಮೇಲೆ ತೋರಿಸುವುದು ಬೇರೆ. ಬಳ್ಳಾರಿಯ ಬಹುತೇಕರು ಡೆನಿಮ್ ಕೊಳ್ಳುವುದು ವರ್ತಕರಿಂದ, ಸಾಲದ ಮೇಲೆ. ಬಿಲ್ಲಿನಲ್ಲಿ “ಡೆನಿಮ್ ಬಟ್ಟೆ, ಇಷ್ಟು ಮೀಟರ್” ಎಂದಷ್ಟೇ ಇರುತ್ತದೆ. ಅಹಮದಾಬಾದಿನ ಗಿರಣಿಯದೋ, ಹೊರದೇಶದಿಂದ ಬಂದ ಸ್ಟ್ರೆಚ್ ಬಟ್ಟೆಯೋ ಎಂಬುದು ಆ ಬಿಲ್ಲಿನಿಂದ ಯಾರಿಗೂ ತಿಳಿಯದು.

ಇದಕ್ಕೆ ನಾನು ಕಂಡುಕೊಂಡ ದಾರಿ ನಮ್ಮ ಕಟಿಂಗ್ ಟೇಬಲಿನ ಕೆಳಗೇ ಬಿದ್ದಿತ್ತು. ಗಿರಣಿಯಿಂದ ಬರುವ ಪ್ರತಿ ರೋಲಿನ ತುದಿಯಲ್ಲಿ ಒಂದು ಚೀಟಿ ಅಂಟಿರುತ್ತದೆ. ಅದರಲ್ಲಿ ಗಿರಣಿಯ ಹೆಸರು, ಲಾಟ್ ಸಂಖ್ಯೆ, ಮೀಟರ್, ಅಗಲ, ಶೇಡ್ ಎಲ್ಲವೂ ಇರುತ್ತದೆ. ಕಟಿಂಗ್ ಮಾಸ್ಟರ್ ರೋಲ್ ಬಿಚ್ಚಿ ಬಟ್ಟೆಯನ್ನು ಪದರ ಪದರವಾಗಿ ಹಾಸುವಾಗ ಮೊದಲು ಮಾಡುವ ಕೆಲಸವೇ ಆ ಚೀಟಿಯನ್ನು ಹರಿದೆಸೆಯುವುದು. ಈಗ ನಮ್ಮಲ್ಲಿ ಆ ಚೀಟಿಯನ್ನು ಬಿಡಿಸಿ, ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಅಂಟಿಸಿ, ಅದರ ಪಕ್ಕದಲ್ಲೇ ಆ ರೋಲಿನಿಂದ ಎಷ್ಟು ಪದರ ಹಾಸಿತು, ಯಾವ ಸೈಜಿನ ಎಷ್ಟು ಪ್ಯಾಂಟ್ ಕತ್ತರಿಸಿತು ಎಂದು ಮಾಸ್ಟರ್ ತಮ್ಮ ಕೈಯಾರೆ ಬರೆಯುತ್ತಾರೆ. ಕತ್ತರಿಸಿದ ತುಂಡುಗಳ ಬಂಡಲ್ ಸಂಖ್ಯೆಯೂ ಅಲ್ಲಿಯೇ ಇರುತ್ತದೆ. ಹೀಗಾಗಿ ಕಾರ್ಟನ್ ಸಂಖ್ಯೆಯಿಂದ ಬಂಡಲಿಗೆ, ಬಂಡಲಿನಿಂದ ರೋಲಿಗೆ, ರೋಲಿನಿಂದ ಗಿರಣಿಯ ಬಿಲ್ಲಿಗೆ ಹಿಂದಕ್ಕೆ ನಡೆದುಹೋಗಬಹುದು. ಮಾಸ್ಟರರಿಗೆ ಇದಕ್ಕಾಗಿ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೊಡುತ್ತೇನೆ. ವರ್ತಕರಿಗೂ, ಗಿರಣಿಯ ಬಿಲ್ಲಿನ ಪ್ರತಿ ಕೊಡದಿದ್ದರೆ ರಫ್ತಿನ ಲಾಟಿಗೆ ನಿಮ್ಮ ಬಟ್ಟೆ ಬೇಡ ಎಂದು ಹೇಳಿಬಿಟ್ಟೆ. ಮೀಟರಿಗೆ ಮೂರು ನಾಲ್ಕು ರೂಪಾಯಿ ಹೆಚ್ಚು ಕೇಳಿದರು, ಕೊಟ್ಟೆ. ಪ್ಯಾಂಟಿಗೆ ಐದು ರೂಪಾಯಿ ಹೋಯಿತು, ಪ್ರತಿಯಾಗಿ ಹನ್ನೆರಡು ಹದಿಮೂರು ಬರುತ್ತಿದೆ. ಆ ನಂತರ ನನ್ನ ಅರ್ಜಿಗಳು ಎರಡು ಮೂರು ದಿನಗಳಲ್ಲಿ ಮಂಜೂರಾಗುತ್ತಿವೆ, ಮಧ್ಯವರ್ತಿಯನ್ನೂ ಬಿಟ್ಟಿದ್ದೇನೆ.

ಇಷ್ಟು ಕಟ್ಟುನಿಟ್ಟೇಕೆ ಎಂದು ಕೆಲವರು ಗೊಣಗುತ್ತಾರೆ. ಅದಕ್ಕೆ ಕಾರಣ ನಾವಲ್ಲ. ಇದೇ ಒಪ್ಪಂದದ ಸುಂಕದ ಅಂತರವನ್ನು ಬಳಸಿ, ಚಿನ್ನ ಬೆರೆತ ಪ್ಲಾಟಿನಂ ಮಿಶ್ರಲೋಹವನ್ನು ಆ ಕಡೆಯಿಂದ ಈ ಕಡೆಗೆ ತಂದ ಚತುರರಿದ್ದರು. ಸರ್ಕಾರ ಅಂಥ ಆಮದಿಗೆ ನಿರ್ಬಂಧ ಹೇರಬೇಕಾಯಿತು. ದೊಡ್ಡವರು ಕಿಂಡಿ ಹುಡುಕಿದಾಗ ಮೂಲದ ಪರಿಶೀಲನೆ ಎರಡೂ ಕಡೆ ಬಿಗಿಯಾಗುವುದು ಸಹಜ. ಎರಡು ಸಾವಿರ ಪ್ಯಾಂಟ್ ಕಳಿಸುವವನೂ ಅದೇ ಜರಡಿಯಲ್ಲಿ ಹಾಯ್ದು ಬರಬೇಕು.

ಸಾಗಣೆಯ ದಾರಿಯಲ್ಲಿ ಕಂಡ ಸೋಲುಗಳನ್ನು ಹೇಳದಿದ್ದರೆ ಬರಹ ಪೂರ್ಣವಾಗದು. ಬಳ್ಳಾರಿಯಿಂದ ಚೆನ್ನೈ ಹತ್ತಿರವೆಂದು ಅಲ್ಲಿಂದ, ಇತರರ ಸರಕಿನೊಂದಿಗೆ ಹಂಚಿಕೊಂಡ ಕಂಟೇನರಿನಲ್ಲಿ ಒಂದು ಲಾಟ್ ಕಳಿಸಿದೆ. ಅದು ಕೊಲಂಬೋದಲ್ಲಿ ಹಡಗು ಬದಲಿಸಿ ದುಬೈಯ ಜೆಬೆಲ್ ಅಲಿ ಬಂದರಿಗೆ ಹೋಯಿತು. ಒಪ್ಪಂದದಲ್ಲಿ ಸರಕು ನೇರವಾಗಿ ಹೋಗಬೇಕೆಂಬ ಷರತ್ತಿದೆ. ನಡುವೆ ಹಡಗು ಬದಲಾದರೆ ಸರಕು ಅಲ್ಲಿನ ಸುಂಕದವರ ನಿಗಾದಲ್ಲೇ ಇತ್ತೆಂದೂ, ಮೊದಲಿನಿಂದ ಕೊನೆಯವರೆಗೆ ಒಂದೇ ಸಾಗಣೆ ಪತ್ರವಿತ್ತೆಂದೂ ತೋರಿಸಬೇಕು. ಸರಕು ಕೂಡಿಸುವ ಕಂಪನಿ ಕೊಟ್ಟಿದ್ದ ಪತ್ರದಲ್ಲಿ ಅದು ಸ್ಪಷ್ಟವಿರಲಿಲ್ಲ. ಆ ಲಾಟಿಗೆ ಸುಂಕ ಕಟ್ಟಲೇಬೇಕಾಯಿತು. ಅಂದಿನಿಂದ ಮುಂಬಯಿ ಬಳಿಯ ನವಾ ಶೇವಾ ಬಂದರಿನಿಂದಲೇ ಕಳಿಸುತ್ತಿದ್ದೇನೆ. ಲಾರಿ ಬಾಡಿಗೆ ಹೆಚ್ಚು, ಆದರೆ ಹಡಗು ನೇರ, ಒಂದು ವಾರದೊಳಗೆ ಜೆಬೆಲ್ ಅಲಿ ಮುಟ್ಟುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗಲೂ ಈ ಮಾರ್ಗ ಅದರ ಆಚೆ ಇದ್ದುದರಿಂದ ಹಡಗು ನಿಲ್ಲಲಿಲ್ಲ. ಆದರೆ ಕಂಟೇನರ್ ಅಭಾವದ ನೆಪ ಹೇಳಿ ಸಾಗಣೆ ದರವನ್ನು ಮಾತ್ರ ಏರಿಸಿದರು.

ಇನ್ನೊಂದು ಸಲ ಗಂಡಸರ ಮತ್ತು ಹೆಂಗಸರ ಜೀನ್ಸನ್ನು ಒಂದೇ ಕಾರ್ಟನ್ನಿನಲ್ಲಿ ತುಂಬಿಸಬೇಕೆಂದು ಖರೀದಿದಾರರು ಬಯಸಿದರು, ಅಂಗಡಿಯಲ್ಲಿ ಬಿಚ್ಚಿ ಹಂಚಲು ಅನುಕೂಲವೆಂದು. ಸುಂಕದ ಸಂಕೇತಪಟ್ಟಿಯಲ್ಲಿ ಹತ್ತಿಯ ಗಂಡಸರ ಪ್ಯಾಂಟ್ 6203 42ರಲ್ಲಿ ಬಂದರೆ ಹೆಂಗಸರದು 6204 62ರಲ್ಲಿ ಬರುತ್ತದೆ. ಪ್ರಮಾಣಪತ್ರದಲ್ಲಿ ಎರಡು ಸಾಲು, ಪ್ಯಾಕಿಂಗ್ ಪಟ್ಟಿಯಲ್ಲಿ ಒಂದೇ ಸಾಲು. ಅಲ್ಲಿನ ಅಧಿಕಾರಿ ಎಣಿಸಿ ನೋಡಬೇಕೆಂದು ಎಲ್ಲ ಕಾರ್ಟನ್ ಬಿಚ್ಚಿಸಿದ. ಬಿಚ್ಚಿ ಮತ್ತೆ ಕಟ್ಟುವ ಕೂಲಿ, ಬಂದರಿನ ಬಾಡಿಗೆ ಸೇರಿ ಆ ಲಾಟಿನ ಸುಂಕದ ಉಳಿತಾಯದ ಅರ್ಧ ಅಲ್ಲಿಯೇ ಕರಗಿತು. ಈಗ ಕಾರ್ಟನ್ ಬೇರೆ, ಪಟ್ಟಿ ಬೇರೆ, ಕಾರ್ಟನ್ನಿನ ಮೇಲಿನ ಗುರುತಿನ ಬಣ್ಣವೂ ಬೇರೆ.

ಪ್ರಮಾಣಪತ್ರದ ಬೆಲೆ ಎಲ್ಲ ಮಾಲಿಗೂ ಒಂದೇ ಅಲ್ಲ ಎಂಬುದೂ ಗಮನದಲ್ಲಿರಲಿ. ದೇರಾದ ನಾಯಿಫ್ ಮತ್ತು ಮುರ್ಷಿದ್ ಬಜಾರಿನ ಸುತ್ತ ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಆಫ್ರಿಕಾದವರೂ ಇದ್ದಾರೆ. ಅವರಿಗೆ ಹೋಗುವ ಮಾಲು ಜೆಬೆಲ್ ಅಲಿಯ ಮುಕ್ತ ವಲಯದಲ್ಲೇ ಇದ್ದು ಅಲ್ಲಿಂದಲೇ ಮರುರಫ್ತಾದರೆ ಅದಕ್ಕೆ ಯುಎಇಯ ಸುಂಕವೇ ಇಲ್ಲ, ಆದ್ದರಿಂದ ನಮ್ಮ ಪ್ರಮಾಣಪತ್ರಕ್ಕೆ ಕಿಮ್ಮತ್ತೂ ಇಲ್ಲ. ಆದರೆ ಮುಕ್ತ ವಲಯದಲ್ಲಿ ಇಟ್ಟ ಮಾಲು ಮುಂದೆ ಒಳನಾಡಿನ ಮಾರುಕಟ್ಟೆಗೆ ಇಳಿಯುವ ಸಾಧ್ಯತೆ ಇದ್ದರೆ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಅದರ ಆಯುಷ್ಯ 12 ತಿಂಗಳು. ಈಗ ನಾನು ಆರ್ಡರ್ ತೆಗೆದುಕೊಳ್ಳುವಾಗಲೇ ಮಾಲು ಎಲ್ಲಿ ಇಳಿಯುತ್ತದೆ ಎಂದು ಕೇಳಿಕೊಂಡು, ಎರಡು ಕಾಲಮಿನಲ್ಲಿ ಯಾವುದನ್ನು ಕೊಡಬೇಕೆಂದು ತೀರ್ಮಾನಿಸುತ್ತೇನೆ.

2024ರ ಏಪ್ರಿಲಿನಲ್ಲಿ ಆ ದೇಶದಲ್ಲಿ ಸುರಿದ ದಾಖಲೆ ಮಳೆಯಲ್ಲಿ ಶಾರ್ಜಾದ ಒಂದು ಗೋದಾಮಿನಲ್ಲಿದ್ದ, ನಾನು ಕಳಿಸಿದ್ದ ಮಾಲು ನೆಂದುಹೋದದ್ದು ಒಪ್ಪಂದಕ್ಕೆ ಸಂಬಂಧಿಸಿದ್ದಲ್ಲವಾದರೂ ಹಣದ ವಿಷಯವಾದ್ದರಿಂದ ಹೇಳುತ್ತೇನೆ. ನಮ್ಮ ವಿಮೆ ಬಂದರಿನವರೆಗೆ ಮಾತ್ರ. ಆ ಹೊತ್ತಿಗೆ ಮಾಲು ಖರೀದಿದಾರರದೇ ಆಗಿದ್ದರೂ ಪಾವತಿ ಎರಡು ತಿಂಗಳು ಹಿಂದಕ್ಕೆ ಹೋಯಿತು. ಅದರ ನಂತರ ಅರ್ಧ ಹಣ ಮುಂಗಡವಿಲ್ಲದೆ ಕತ್ತರಿ ಹಿಡಿಯುವುದಿಲ್ಲ ಎಂದು ನಿರ್ಧರಿಸಿದೆ.

ಹಣ ಯಾವ ನಾಣ್ಯದಲ್ಲಿ ಬರಬೇಕು ಎಂಬ ಪ್ರಯೋಗ ನನಗೆ ಸುಂಕದಷ್ಟೇ ರುಚಿ ಹಿಡಿಸಿತು. 2023ರ ಜುಲೈ 15ರಂದು ಅಬುಧಾಬಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಮತ್ತು ಯುಎಇಯ ಕೇಂದ್ರ ಬ್ಯಾಂಕ್, ಎರಡೂ ದೇಶಗಳ ವ್ಯಾಪಾರಕ್ಕೆ ರೂಪಾಯಿ ಮತ್ತು ದಿರ್ಹಮನ್ನೇ ಬಳಸುವ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡವು. ಆ ಬಳಿಕ ಕಚ್ಚಾತೈಲಕ್ಕೂ ರೂಪಾಯಿಯಲ್ಲಿ ಪಾವತಿಯಾಯಿತು ಎಂಬ ಸುದ್ದಿ ಬಂತು. ತೈಲ ಕಂಪನಿಗೆ ಆಗುವುದಾದರೆ ಪ್ಯಾಂಟಿನವನಿಗೆ ಏಕಾಗಬಾರದು ಎಂದು ನನ್ನ ಬ್ಯಾಂಕಿಗೆ ಹೋದರೆ, ಶಾಖೆಯವರು ಅಂಥದ್ದೊಂದನ್ನು ಕೇಳಿಯೇ ಇರಲಿಲ್ಲ. ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಬರೆದು, ಅಲ್ಲಿಂದ ಉತ್ತರ ಬರಿಸುವಷ್ಟರಲ್ಲಿ ಒಂದು ಸೀಸನ್ ಮುಗಿದಿತ್ತು.

ಮೊದಲು ರೂಪಾಯಿಯಲ್ಲೇ ಇನ್‌ವಾಯ್ಸ್ ಹಾಕಿ ನೋಡಿದೆ. ನನಗೆ ವಿನಿಮಯದ ಭಯವೇ ಇಲ್ಲ ಎಂಬುದು ಅದರ ಆಕರ್ಷಣೆ, ಆದರೆ ಆ ಭಯ ಖರೀದಿದಾರರ ತಲೆಗೆ ಹೋಗುತ್ತದೆ. ಅವರು ದಿರ್ಹಮಿನಲ್ಲಿ ಮಾರುವವರು, ರೂಪಾಯಿ ಕೊಂಡು ನನಗೆ ಕಟ್ಟಬೇಕು. ಅದಕ್ಕೆ ಬೆಲೆಯಲ್ಲಿ ಶೇ ಒಂದೂವರೆ ಕಡಿತ ಕೇಳಿದರು. ದೇರಾದ ಹಿರಿಯ ವ್ಯಾಪಾರಿಯೊಬ್ಬರು ಈ ಮಾತು ಕೇಳಿ ನಕ್ಕರು. ಅವರ ತಂದೆಯ ಕಾಲದಲ್ಲಿ ಆ ತೀರದಲ್ಲೆಲ್ಲ ಓಡುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ಭಾರತ ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟು ತಂದಿತು, 1966ರಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಅಲ್ಲಿನವರು ಅದನ್ನು ಬಿಟ್ಟರು, ದಿರ್ಹಮ್ ಬಂದದ್ದು 1973ರಲ್ಲಿ. ಒಮ್ಮೆ ಕೈ ಸುಟ್ಟುಕೊಂಡವರ ಮಕ್ಕಳಿಗೆ ರೂಪಾಯಿಯಲ್ಲಿ ಬಾಕಿ ಬರೆದುಕೊಳ್ಳಿ ಎಂದರೆ ಅವರು ಕಡಿತ ಕೇಳುವುದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ದಿರ್ಹಮಿನಲ್ಲಿ ಇನ್‌ವಾಯ್ಸ್ ಹಾಕಿದ್ದು ಫಲಿಸಿತು. ಮೊದಲು ಅವರು ದಿರ್ಹಮ್ ಕೊಟ್ಟು ಡಾಲರ್ ಕೊಂಡು ಕಳಿಸುತ್ತಿದ್ದರು, ನಡುವಿನ ಬ್ಯಾಂಕ್ ಇಪ್ಪತ್ತೈದು ಡಾಲರಿನಷ್ಟು ಮುರಿದುಕೊಳ್ಳುತ್ತಿತ್ತು, ನನ್ನ ಬ್ಯಾಂಕ್ ಡಾಲರನ್ನು ರೂಪಾಯಿಗೆ ಬದಲಿಸುವಾಗ ತನ್ನ ಅಂತರ ಹಿಡಿಯುತ್ತಿತ್ತು. ಈಗ ಬದಲಾವಣೆ ಒಂದೇ ಸಲ. ಒಂಬತ್ತು ಲಕ್ಷದ ಲಾಟಿನಲ್ಲಿ ಆರೇಳು ಸಾವಿರ ಉಳಿಯುತ್ತದೆ. ದಿರ್ಹಮಿನ ಏರಿಳಿತದ ಭಯವೆಂದು ಕೆಲವರು ಹಿಂಜರಿಯುತ್ತಾರೆ, ಆದರೆ 1997ರಿಂದ ದಿರ್ಹಮನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಲಾಗಿದೆ. ಅಂದಮೇಲೆ ರೂಪಾಯಿ ಎದುರು ದಿರ್ಹಮಿನ ಏರಿಳಿತವೆಂದರೆ ಡಾಲರಿನ ಏರಿಳಿತವೇ. ಮುಂದೆ ಬರುವ ದಿರ್ಹಮಿಗೆ ಇಂದೇ ದರ ನಿಗದಿ ಮಾಡುವ ಮುಂಗಡ ದರದ ಕರಾರು ಬೇಕೆಂದು ನಮ್ಮ ಬ್ಯಾಂಕನ್ನು ಕೇಳಿದಾಗ ಆ ದರ ದುಬಾರಿಯಾಗಿ ಕಂಡಿತು, ಡಾಲರಿನ ದರದೊಂದಿಗೆ ಹೋಲಿಸಿ ತೋರಿಸಿ ಚೌಕಾಸಿ ಮಾಡಿದ ಮೇಲೆ ಕೆಲವು ಪೈಸೆ ಇಳಿಸಿದರು. ಅದರಲ್ಲಿಯೂ ಒಂದು ಕೈಚಳಕವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣ ಬಂದ ಮೇಲಿನ ಕಾಗದವನ್ನು ಕಡೆಗಣಿಸಬಾರದು. ಇನ್‌ವಾಯ್ಸ್, ಇಲ್ಲಿನ ಸುಂಕದವರಿಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಮತ್ತು ಬಂದ ಹಣದ ಸಂದೇಶ ಮೂರರಲ್ಲೂ ನಾಣ್ಯ ಒಂದೇ ಇರಬೇಕು. ಶಿಪ್ಪಿಂಗ್ ಬಿಲ್ಲಿನಲ್ಲಿ ಏಜೆಂಟ್ ಅಭ್ಯಾಸಬಲದಿಂದ ಡಾಲರ್ ಎಂದು ಹಾಕಿದ್ದರಿಂದ ನನ್ನ ಒಂದು ಲಾಟಿನ ಲೆಕ್ಕ ಬ್ಯಾಂಕಿನಲ್ಲಿ ತಾಳೆಯಾಗದೆ, ಹಣ ಬಂತೆಂಬ ಬ್ಯಾಂಕ್ ಸಾಕ್ಷ್ಯಪತ್ರ ತಡವಾಗಿ, ತೆರಿಗೆ ಮರುಪಾವತಿಯ ಯೋಜನೆಯಡಿ ಬರಬೇಕಾದ ಹಣದ ಲೆಕ್ಕವೂ ಕಗ್ಗಂಟಾಗಿ ಕುಳಿತಿತ್ತು. ಉಡುಪಿನವರಿಗೆ ಆ ಮರುಪಾವತಿ ಮತ್ತು ಕಚ್ಚಾಮಾಲಿನ ಮೇಲೆ ಕಟ್ಟಿದ ಸುಂಕ ಹಿಂದಿರುಗುವ ಡ್ರಾಬ್ಯಾಕೇ ಎಷ್ಟೋ ಸಲ ನಿಜವಾದ ಲಾಭ. ಸುಂಕದ ಒಂದು ದಿರ್ಹಮ್ ಹಿಂದೆ ಓಡುತ್ತ ಅದನ್ನು ಬಿಟ್ಟರೆ ಲೆಕ್ಕ ತಲೆಕೆಳಗು.

ಈ ಎಲ್ಲದರ ನಡುವೆ ಮಕ್ಕಳ ಜೀನ್ಸ್ ಮತ್ತು ಡೆನಿಮ್ ಜಾಕೆಟನ್ನೂ ಕಳಿಸಿ ನೋಡಿದೆ. ಜಾಕೆಟ್ ಅಲ್ಲಿನ ಬಿಸಿಲಿಗೆ ಯಾರಿಗೂ ಬೇಡ ಎಂದುಕೊಂಡಿದ್ದೆ, ಆದರೆ ಎಸಿ ಮಾಲ್‌ಗಳಲ್ಲಿ ಕೆಲಸ ಮಾಡುವ ಹುಡುಗರು ಕೊಂಡರು, ಮುನ್ನೂರು ತುಂಡು ಹದಿನೈದು ದಿನಕ್ಕೆ ಮುಗಿದವು. ಮಕ್ಕಳದ್ದು ಮಾತ್ರ ನಿಂತುಬಿಟ್ಟಿತು, ಅದರಲ್ಲಿ ಚೀನಾದವರೊಂದಿಗೆ ಶೇ 5ರ ಅನುಕೂಲವೂ ಸಾಲದು. ಜೆಬೆಲ್ ಅಲಿಯಲ್ಲಿ 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾದ, ಭಾರತದ ಸರಕಿಗೆಂದೇ ಇರುವ ಮಾರಾಟ ಕೇಂದ್ರ ಭಾರತ್ ಮಾರ್ಟಿನಲ್ಲಿ ಸಣ್ಣ ಘಟಕಗಳಿಗೂ ಜಾಗ ಕೊಡುವುದಾದರೆ ಬಳ್ಳಾರಿಯ ನಾಲ್ಕೈದು ಜನ ಸೇರಿ ಒಂದು ಮಳಿಗೆ ಹಿಡಿಯಬಹುದು ಎಂಬ ಮಾತು ನಮ್ಮಲ್ಲಿ ನಡೆದಿದೆ. ಬಾಡಿಗೆಯ ಅಂಕಿ ಕೈಗೆ ಬರುವವರೆಗೆ ನಾನು ಹೂಂ ಎಂದಿಲ್ಲ. ಅಲ್ಲಿಯವರೆಗೆ ರಿಜಿಸ್ಟರ್ ಹೇಗಿದೆ ಎಂದು ನೋಡಬೇಕೆನ್ನುವವರು ಬಳ್ಳಾರಿಯ ಮುಂಡರಗಿಯಲ್ಲಿರುವ ನಮ್ಮ ಘಟಕಕ್ಕೆ ಬಂದು ನೋಡಬಹುದು. ಸೋಮವಾರ ಬೇಡ, ಅಂದು ಲೋಡಿಂಗ್ ಇರುತ್ತದೆ. ವೆಚ್ಚದ ಪಟ್ಟಿಯನ್ನು ಮಾತ್ರ ಕೇಳಬೇಡಿ.